ವಸೀಮನ ಮಷೀನು, ನನ್ನ ರಾಸ್ತಾ

ನನ್ನ ಹೆಂಡತಿ ಮನೀಷಾಳ ಹೊಸ ಟೇಲರಿಂಗ್ ಅಂಗಡಿಯ ಗಾಜಿನ ಬಾಗಿಲಿಗೆ ಹೆಸರು ಕತ್ತರಿಸಿ ಅಂಟಿಸುವವನು ನಾನೇ, ಬೇರೆ ನರಪಿಳ್ಳೆಯಲ್ಲ! ಬಸವಕಲ್ಯಾಣದ ನಮ್ಮ ಗಲ್ಲಿಗೆಲ್ಲ ಕೇಳುವಂತೆ ಹೀಗೆ ಶಪಥ ಮಾಡಿದೆ. ಹುಮನಾಬಾದಿನ ರೇಡಿಯಂ ಅಂಗಡಿಯ ವಸೀಮನಿಂದ ಸ್ಟಿಕರ್ ಕತ್ತರಿಸುವ ಮಷೀನು, ಲ್ಯಾಪ್‌ಟಾಪು ಎರಡನ್ನೂ ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಿಜ. ಆದರೆ ಗುಂಡಿ ಒತ್ತಲು ಡಿಗ್ರಿ ಯಾಕೆ?

ಮನೀಷಾ ಹಾಳೆಯ ಮೇಲೆ ತನ್ನ ಮುದ್ದಾದ ಅಕ್ಷರದಲ್ಲಿ 'ಮನೀಷಾ ಟೇಲರ್ಸ್' ಎಂದು ಬರೆದುಕೊಟ್ಟಳು.

"ಇದ ಅಕ್ಷರ ಬೇಕು ನೋಡ್ರಿ. ಹನ್ನೊಂದಕ್ಕ ಉದ್ಘಾಟನಾ ಅದ. ಕೆಂಪು ರೇಡಿಯಂ ಸ್ಟಿಕರ್ ಇರೂದು ಇದೊಂದ ತುಕಡಿ."

ಹಾಳೆಯ ಫೋಟೋ ಹೊಡೆದೆ. ಯಾವ ಗುಂಡಿ ಒತ್ತಬೇಕೆಂದು ಸ್ಪೀಕರ್ ಹಾಕಿ ವಸೀಮನಿಗೆ ಫೋನ್ ಮಾಡಿದೆ.

"ಫೋಟೋ ಹಾಂಗೇ ಹಾಕಬ್ಯಾಡ್ರಿ ಅಣ್ಣಾ! ಅದು ರಾಸ್ಟರ್, ಬರೇ ಚುಕ್ಕಿ. ಬ್ಲೇಡಿಗೆ ವೆಕ್ಟರ್ ಬೇಕ್ರಿ, ಗೆರಿ..."

"ಏಯ್, ನನಗೇ ರಾಸ್ತಾ ತೋರಸ್ತೀಯೇನು? ನನಗ ರಾಸ್ತಾ ಗೊತ್ತದ!"

ಫೋನ್ ಕುಕ್ಕಿ, ಕಣ್ಣಿಗೆ ಬಿದ್ದ ಗುಂಡಿಯನ್ನೆಲ್ಲ ಒತ್ತಿದೆ. ಮಷೀನು ಒಂದು ತಾಸು ಕರ್ರ್ ಕರ್ರ್ ಎಂದಿತು. ನಾನು ಮೀಸೆ ತಿರುವಿದೆ. ಕೊನೆಗೆ ನೋಡಿದರೆ ಅಕ್ಷರ ಒಂದೂ ಇಲ್ಲ! ಹಾಳೆಯ ನೆರಳು, ಮಡಿಕೆ, ಚಹಾದ ಕಲೆ, ಎಲ್ಲವನ್ನೂ ಆ ಬ್ಲೇಡು ಸಾವಿರಾರು ಕೆಂಪು ಚುಕ್ಕಿ ಮಾಡಿ ಕತ್ತರಿಸಿತ್ತು. ಸಿಟ್ಟು ನೆತ್ತಿಗೇರಿತು. ಅಂಟಂಟು ಚುಕ್ಕಿಗಳನ್ನು ಪರಪರ ಕಿತ್ತು ಎಸೆದೆ, ಎರಡೂ ಕೈಯಿಂದ ಮುಖದ ಬೆವರು ಒರೆಸಿಕೊಂಡೆ.

ಮನೀಷಾ ಗಡಿಯಾರ ನೋಡಿದಳು. ಹತ್ತು ಗಂಟೆ. ಅವಳ ಕಣ್ಣಲ್ಲಿ ನೀರಾಡಿತು.

"ನಾ ಬಟ್ಟಿ ಕತ್ತರಸೂ ಮುಂದ ಅದರ ಮ್ಯಾಲಿನ ಚುಕ್ಕಿಗೆಲ್ಲ ಕತ್ತರಿ ಹಾಕ್ತೀನೇನ್ರಿ? ಸುಣ್ಣದ ಖಡೂಲೆ ಗೆರಿ ಎಳೀತೀನಿ, ಕತ್ತರಿ ಆ ಗೆರಿ ಹಿಡದು ಹೋಗ್ತದ."

"ಇಷ್ಟೇ ಏನು ವೆಕ್ಟರ್ ಅಂದ್ರ?"

"ಇಷ್ಟ!"

"ಹಾಂಗಾದ್ರ ನೀ ಗೆರಿ ಎಳಿ. ಕತ್ತರಸಾಂವ ನಾನ!"

ರೇಡಿಯಂ ತುಕಡಿಯ ಅಂಚಿನಲ್ಲಿ ಉಳಿದಿದ್ದ ಉದ್ದನೆಯ ಪಟ್ಟಿಯ ಮೇಲೆ ಅವಳು ಖಡುವಿನಿಂದ ಬರೆದಳು. ನಾನು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಗೆರೆ ಬಿಡದೆ ಕತ್ತರಿ ಆಡಿಸಿದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹೆಸರು ಗಾಜಿನ ಮೇಲೆ ಮಿಂಚಿತು. ನನ್ನ ಶಪಥ ಉಳಿಯಿತು!

ಎದೆ ಉಬ್ಬಿಸಿ ಬಾಗಿಲಲ್ಲಿ ನಿಂತೆ. ಮೊದಲ ಗಿರಾಕಿ, ಪಕ್ಕದ ಮನೆಯ ವಜೀರಬಿ, ಬಟ್ಟೆಯ ಗಂಟು ಹಿಡಿದು ಬಂದರು. ಹೆಸರು ನೋಡಲೇ ಇಲ್ಲ. ನನ್ನ ಮುಖ ನೋಡಿ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಯಾ ಅಲ್ಲಾ! ಮಾರಿ ತುಂಬ ಕೆಂಪು ಚುಕ್ಕಿ! ಭಾಯಿಗೆ ಗೋವರ ಬಂದದೇನ್ರಿ?"

ಮನೀಷಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಗೋವರ ಅಲ್ರಿ ಆಪಾ, ರಾಸ್ಟರ್ ಬಂದದ!"