ನಿವೃತ್ತಿಯ ಹಣ ಮತ್ತು ಮೂರು ಊರಿನ ರಾಹುಕಾಲ

ನೆನಪಿನ ವಿಷಯದಲ್ಲಿ ನನ್ನನ್ನು ಹೆಚ್ಚು ನಂಬಬೇಡಿ. ಲಾಕ್‌ಡೌನ್‌ನ ದಿನಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಹಸಿ ಹಪ್ಪಳದ ಹಾಗಿದ್ದವು. ಬಿಡಿಸಲು ಹೋದರೆ ಒಂದರ ಚೂರು ಇನ್ನೊಂದರ ಜೊತೆ ಬರುತ್ತದೆ. ಭಾವ ಆ ಮಾತು ಹೇಳಿದಾಗ ನಾನು ಒಲೆಯ ಮುಂದಿದ್ದೆನೋ ಆಫೀಸಿನ ಮೀಟಿಂಗಿನಲ್ಲಿದ್ದೆನೋ ಖಚಿತವಿಲ್ಲ. ಎರಡೂ ಇದ್ದಿರಬಹುದು. ನೆದರ್ಲೆಂಡ್ಸಿನ ನ್ಯೂವೆಗೈನ್‌ ಊರಿನ ನಮ್ಮ ಫ್ಲ್ಯಾಟಿನಲ್ಲಿ ಆಗ ಒಲೆಯೂ ಆಫೀಸೂ ಒಂದೇ ಕಡೆ. ಇದ್ದೊಂದು ಮೇಜು ನಮ್ಮ ಮನೆಯವರ ಪಾಲು, ಇಸ್ತ್ರಿ ಬೋರ್ಡು ನನ್ನ ಪಾಲು. ಬಾಗಿಲಿರುವ ಒಂದು ಕೋಣೆಗಾಗಿ, ಅಂದರೆ ಇನ್ನೊಂದು ಮನೆಗಾಗಿ, ದುಡ್ಡು ಕೂಡಿಡುತ್ತಿದ್ದೆವು.

ಭಾವ ಅಂದರೆ ಅಕ್ಕನ ಗಂಡ, ನ್ಯೂಜೆರ್ಸಿಯಲ್ಲಿದ್ದಾರೆ. ನಮ್ಮ ಕುಟುಂಬದಲ್ಲಿ ಯಾರಾದರೂ ಫ್ರಿಜ್ ಕೊಳ್ಳಬೇಕಾದರೂ ವಿಡಿಯೋದಲ್ಲಿ ಅವರ ಮುಖ ಮೂಡದೆ ಕೆಲಸ ಮುಂದುವರಿಯುವುದಿಲ್ಲ. ಇಲ್ಲಿಗೆ ಬರುವ ಮುಂಚೆ ನಾನೂ ಅಮೆರಿಕದಲ್ಲಿ ಕೆಲವು ವರ್ಷ ದುಡಿದಿದ್ದೆ. ಅಲ್ಲಿನ ಕಂಪನಿಯ ನಿವೃತ್ತಿ ಖಾತೆಯಲ್ಲಿ ನಾನು ಹಾಕಿದ್ದು, ಅವರು ಸೇರಿಸಿದ್ದು ಎರಡೂ ಹಾಯಾಗಿ ಮಲಗಿದ್ದವು. ಮಲಗಿದವರನ್ನು ಎಬ್ಬಿಸುವುದು ಭಾವನ ಹವ್ಯಾಸ.

"ನೋಡು ಮಾಲಿನಿ, ಮಾರ್ಕೆಟ್ ಬಿದ್ದೋಗಿದೆ, ಇದೇ ಚಾನ್ಸು. ಆ ದುಡ್ಡನ್ನ ಅದೇ ಪ್ಲಾನ್ ಒಳಗೇ ರಾಥ್ ಅನ್ನೋ ಖಾತೆಗೆ ಬದಲಾಯಿಸ್ಬಿಡು. ಟ್ಯಾಕ್ಸ್ ಈಗ ಕಟ್ಟಿಬಿಟ್ರೆ ಮುದುಕಿ ಆದ್ಮೇಲೆ ಒಂದ್ ಪೈಸೆ ಕಟ್ಟೋ ಹಾಗಿಲ್ಲ."

"ಈಗ ಕಟ್ಟೋಕೆ ಎಲ್ಲಿಂದ ತರ್ಲಿ ಭಾವ?"

"ಮನೆಗೆ ಅಂತ ಇಟ್ಟಿದ್ದೀರಲ್ಲ! ಮನೆ ಎಲ್ಲಿಗೆ ಓಡಿಹೋಗತ್ತೆ?"

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಆದ್ದರಿಂದ ವಿದ್ಯಾವಂತರ ಹಾಗೆ ತಲೆಯಾಡಿಸಿದೆ. ನಮ್ಮ ಮನೆಯವರು ಮಾತ್ರ ಪರದೆಯನ್ನು ಓದಿ, "ಒಂದ್ಸಲ ಮಾಡಿದ್ರೆ ವಾಪಸ್ ಇಲ್ಲ ಅಂತಿದೆ ಕಣೇ," ಅಂದರು.

"ಮದುವೆಗೂ ಹಾಗೇ ಅಂದಿದ್ರು, ಮಾಡ್ಕೊಳ್ಳಲಿಲ್ವಾ?" ಅಂದೆ.

ಸಮಾಚಾರ ಮೈಸೂರಿಗೆ ತಲುಪಿತು. ದುಡ್ಡಿನ ಕೆಲಸವನ್ನು ರಾಹುಕಾಲದಲ್ಲಿ ಮಾಡಬಾರದು, ಒತ್ತುವುದು ಬರೀ ಗುಂಡಿಯಾದರೂ ಸರಿ, ಎಂದು ಅಮ್ಮ ಅಪ್ಪಣೆ ಮಾಡಿದರು.

"ಯಾವೂರಿನ ರಾಹುಕಾಲ ಅತ್ತೆ?" ಎಂದು ನಮ್ಮ ಮನೆಯವರು ಕೇಳಿದರು. ಅದು ವಿನಯವೋ ಕೊಂಕೋ ನನಗೆ ಈಗಲೂ ಗೊತ್ತಿಲ್ಲ.

"ಬೆರಳು ಎಲ್ಲಿದ್ಯೋ ಅಲ್ಲೀದು. ದುಡ್ಡು ಇರೋ ಊರಿಂದೂ ನೋಡ್ಬಿಡಿ. ಮೈಸೂರಿಂದಂತೂ ನೋಡ್ಲೇಬೇಕು."

ವಿಮಾನಗಳೆಲ್ಲ ನಿಂತಿದ್ದ ಆ ಕಾಲದಲ್ಲಿ ವೀಸಾ ಇಲ್ಲದೆ ಮೂರು ದೇಶ ಸುತ್ತುತ್ತಿದ್ದವನು ರಾಹು ಒಬ್ಬನೇ. ಮೂರೂ ಕಡೆ ಅವನನ್ನು ತಪ್ಪಿಸಿ, ನನ್ನ ಮೀಟಿಂಗುಗಳನ್ನೂ ತಪ್ಪಿಸಿ, ಅಮ್ಮನ ತಿಥಿ ನಕ್ಷತ್ರಗಳೂ ಕೂಡಿಬರುವ ಹೊತ್ತಿಗೆ ಬಿದ್ದಿದ್ದ ಮಾರುಕಟ್ಟೆ ಎದ್ದು ಓಡಾಡತೊಡಗಿತ್ತು. ತೆರಿಗೆ ಬೀಳುವುದು ಬದಲಾಯಿಸಿದ ದಿನದ ಬೆಲೆಯ ಮೇಲೆ. ಅಗ್ಗವೆಂದು ಹೊರಟ ಕೆಲಸವನ್ನು ಸಕಲ ಗ್ರಹಗಳ ಒಪ್ಪಿಗೆ ಪಡೆದು ದುಬಾರಿಯಾಗಿ ಮುಗಿಸಿದೆ. ಇಲ್ಲಿನ ತೆರಿಗೆ ಸಲಹೆಗಾರರನ್ನು ಕೇಳಿದ್ದು ಅದಾದ ಮೇಲೆ. ಡಚ್ಚರಿಗೆ ಮಾತಿಗೆ ಬೆಲ್ಲ ಹಚ್ಚುವ ಅಭ್ಯಾಸವಿಲ್ಲ. ಅಮೆರಿಕ ಅದನ್ನು ತೆರಿಗೆಯಿಲ್ಲದ ಹಣ ಎನ್ನಬಹುದು, ನೀವು ಮುದುಕಿಯಾದಾಗ ನೆದರ್ಲೆಂಡ್ಸ್ ಏನನ್ನುತ್ತದೋ ಖಾತರಿ ಕೊಡಲಾರೆ, ಮೊದಲೇ ಕೇಳಬೇಕಿತ್ತು ಅಂದರು. ಈ ಮೂರು ಮಾತಿಗೂ ಶುಲ್ಕವಿತ್ತು.

ಮನೆಯ ದುಡ್ಡು ತೆರಿಗೆಗೆ ಹೋಯಿತು. ಓಡಿಹೋಗದೆಂದು ಭಾವ ಭರವಸೆ ಕೊಟ್ಟಿದ್ದ ಮನೆಗಳು ಮರುವರ್ಷ ಬೆಲೆ ಏರಿಸಿಕೊಂಡು ಓಡಿದವು. ನಾವು ನೋಡಿಟ್ಟಿದ್ದ ಮನೆಯಲ್ಲಿ ಈಗ ಬೇರೆಯವರ ಪರದೆ ತೂಗುತ್ತಿದೆ. ನಾನಿನ್ನೂ ಅಡುಗೆಮನೆಯಿಂದಲೇ ಮೀಟಿಂಗಿಗೆ ಹಾಜರಾಗುತ್ತೇನೆ. ಕುಕ್ಕರ್ ಕೂಗಿದಾಗೆಲ್ಲ ನಮ್ಮ ಮ್ಯಾನೇಜರು, "ರೈಲು ಬಂತಾ?" ಎನ್ನುತ್ತಾರೆ.

ತಪ್ಪೆಲ್ಲ ಭಾವನದೆಂದು ಬರೆಯಲು ಕೈ ತುರಿಸುತ್ತದೆ. ಆದರೆ ಅವರು ಮಾತಿನ ನಡುವೆ ಎಲ್ಲೋ "ಒಂದ್ಸಲ ಯಾರನ್ನಾದ್ರೂ ಕೇಳ್ಕೋ" ಅಂದಿದ್ದರೇ? ಅಂದಿದ್ದರೆ ನನಗೆ ಬೇಡವಾದದ್ದನ್ನು ನಾನೇ ಮರೆತಿರಬಹುದು. ಅಂದಿರದಿದ್ದರೆ, ಎಂ.ಎ. ಮಾಡಿದವಳಿಗೆ ಅದನ್ನು ಬೇರೆಯವರು ಹೇಳಬೇಕಿತ್ತೇ? ಕಡೆಗೆ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಅವರ ವಾಟ್ಸಾಪಿಗೆ ಕಳಿಸಿದೆ. ಓದಿದ್ದಾರೆ, ನೀಲಿ ಗುರುತು ಬಿದ್ದಿದೆ. ದಿನಾ ಬೆಳಿಗ್ಗೆ ಕಮಲದ ಹೂವಿನೊಡನೆ ಶುಭೋದಯ ತಪ್ಪದೆ ಬರುತ್ತಿದೆ. ಉತ್ತರ ಮಾತ್ರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಭಾವ, ನಿಮ್ಮದನ್ನ ನೀವು ಬದಲಾಯಿಸಿದ್ರಾ?"