ನಾಲ್ಕು ಪಂಪು, ಒಂದು ಲಾರಿ, ಒಬ್ಬ ಸಾಹುಕಾರ

ಕೆಲಸಕ್ಕೆ ಬಾರದ ಪಂಪು ಹಾಕಿಸಿ ನಮ್ಮನ್ನು ಅದಿರು ತುಂಬಿದ ಲಾರಿಯಲ್ಲಿ ಗುಡ್ಡ ಹತ್ತಿಸಿದರು. ಮಾರಿದವನಿಗೂ ಗೊತ್ತಿತ್ತು, ಕೊಂಡವನಿಗೂ ಗೊತ್ತಿತ್ತು. ಸ್ಟೇರಿಂಗ್ ಹಿಂದೆ ಕುಂತವನನ್ನು ಮಾತ್ರ ಯಾರೂ ಕೇಳಲಿಲ್ಲ. ಇದು ತಪ್ಪು. ಮೊದಲು ಅದನ್ನು ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ನಗುತ್ತೀರಿ.

ಅದಿರು ಸಾಗಿಸಿ ಎಲ್ಲರೂ ದುಡ್ಡು ಮಾಡುತ್ತಿದ್ದ ಆ ಕಾಲಕ್ಕೆ ಹೊಸಪೇಟೆಯಲ್ಲಿ ದಿನಕ್ಕೊಂದು ಇಂಥದ್ದು ನಡೆಯುತ್ತಲೇ ಇತ್ತು. ಕಿರಾಣಿ ಅಂಗಡಿಯವ ಲಾರಿ ಕೊಂಡಿದ್ದ, ಬಟ್ಟೆ ಅಂಗಡಿಯವ ಲಾರಿ ಕೊಂಡಿದ್ದ. ನನ್ನ ಸಾಹುಕಾರರಿಗೆ ಕಂಪ್ಲಿಯಲ್ಲಿ ರೈಸ್ ಮಿಲ್ ಇತ್ತು. ಅವರೂ ಒಂದು ಹಳೇ ಲಾರಿ ಕೊಂಡರು. ನಾನು ಅದರ ಡ್ರೈವರ್.

ಒಂದು ದಿನ ಸಂಡೂರಿನಿಂದ ಲೋಡ್ ತರುವಾಗ ಏರಿನ ನಡುವೆ ಇಂಜಿನ್ ನಿಂತಿತು. ಫೀಡ್ ಪಂಪು ಹೋಗಿತ್ತು. ಅಂಗೈಯಷ್ಟು ಸಾಮಾನು ಅದು, ಟ್ಯಾಂಕಿನ ಡೀಸೆಲ್ ಎಳೆದು ಇಂಜಿನ್ನಿಗೆ ಕೊಡುತ್ತದೆ. ಅದು ಸತ್ತರೆ ಇಂಜಿನ್ ಸತ್ತಂತೆ. ಇಂಜಿನ್ ನಿಂತರೆ ಬ್ರೇಕಿನ ಗಾಳಿ ತುಂಬುವುದೂ ನಿಂತಂತೆ. ಗಾಳಿಯೂ ಖಾಲಿಯಾದರೆ ಲಾರಿ ಹಿಂದಕ್ಕೆ ಹೊರಡುತ್ತದೆ, ಒಳಗೆ ನಾನಿರುತ್ತೇನೆ. ಅವತ್ತು ಜಿಗಿದು ಗಾಲಿಗೆ ಕಲ್ಲು ಕೊಟ್ಟು ಉಳಿದೆ. ಕಂಪನಿಯ ಪಂಪೇ ತನ್ನಿ ಅಂತ ಸಾಹುಕಾರರಿಗೆ ಹೇಳಿದೆ.

"ಕಂಪನೀದ ಯಾಕಪ? ಹೊರಗಿಂದು ಸಾವಿರ ಸಿಗ್ತಾವು. ಆರಿಸಿ ತರಾದು ನನಗ ಬಿಡು" ಅಂದರು.

೧. ಆರಿಸಿದ್ದು

ಲಾರಿ ಸಾಮಾನಿನ ಅಂಗಡಿಯವ ಒಂದೇ ಗೋಣಿಚೀಲದಿಂದ ಮೂರು ಪಂಪು ತೆಗೆದು ಟೇಬಲ್ ಮೇಲಿಟ್ಟ.

"ಇದು ಒರಿಜಿನಲ್ರಿ. ಇದು ಡೂಪ್ಲಿಕೇಟ್. ಇದು ಒರಿಜಿನಲ್‌ಗಿಂತ ಚಲೋ ಡೂಪ್ಲಿಕೇಟ್."

ಸಾಹುಕಾರರು ಅಕ್ಕಿ ವ್ಯಾಪಾರದವರು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ತೂಗಿದರು. ಮೂಸಿ ನೋಡಿದರು. ಉಗುರಿನಿಂದ ಗೀರಿದರು. ಪುಣ್ಯಕ್ಕೆ ಬಾಯಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಮೂರನೆಯದನ್ನು ಎತ್ತಿ, "ಇದು ನೋಡು, ಗಟ್ಟಿ ಕಾಳು. ಭಾಳ ತೂಕ ಐತಿ" ಅಂದರು.

ಚಿತ್ತವಾಡ್ಗಿಯ ನಮ್ಮ ಮಿಸ್ತ್ರಿ ಅದನ್ನು ಕೂಡಿಸಿದ. ಹನಿ ಡೀಸೆಲ್ ಬರಲಿಲ್ಲ. ಬಿಚ್ಚಿ ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಡೀಸೆಲ್ ಹೋಗುವ ತೂತು ಅರ್ಧಕ್ಕೇ ನಿಂತಿತ್ತು. ಪೂರ್ತಿ ಕೊರೆದೇ ಇರಲಿಲ್ಲ. ತೂಕ ಇರದೆ ಏನಾದೀತು?

ವಾಪಸ್ ಒಯ್ದು ಅಂಗಡಿಯವನ ಮುಂದೆ ಕುಕ್ಕಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: "ಅದಕ್ಕ ನೋಡ್ರಿ, ಒಂದು ಹನೀನೂ ಲೀಕ್ ಆಗಿಲ್ಲ."

೨. ಗ್ಯಾರಂಟಿ

ಬದಲಿ ಪಂಪು ಕೊಟ್ಟ. ಅದರಲ್ಲಿ ತೂತು ಇತ್ತು, ನಾನೇ ಊದಿ ನೋಡಿದೆ. ಆದರೆ ಸಾಹುಕಾರರು ಪೂಜೆ ಮಾಡದೆ ಯಾವ ಸಾಮಾನನ್ನೂ ಲಾರಿಗೆ ಹತ್ತಿಸುವವರಲ್ಲ. ಟಯರಿಗೂ ಪೂಜೆ, ಬ್ಯಾಟರಿಗೂ ಪೂಜೆ. ಪಂಪನ್ನು ಮಣೆಯ ಮೇಲಿಟ್ಟು, ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಎಳೆದರು. ಪಂಪು ಸಣ್ಣದು, ಸಾಹುಕಾರರ ಬೆರಳು ದಪ್ಪ. ಮೂರು ಪಟ್ಟೆಯಲ್ಲಿ ನಡುವಿನದು ಸೀದಾ ತೂತಿನೊಳಗೆ ಹೋಯಿತು.

ಕೈಮುಗಿದು ನಿಂತಿದ್ದ ನನಗೂ ಅದು ಕಾಣಲಿಲ್ಲ.

ಲಾರಿ ಊರು ದಾಟುವಷ್ಟರಲ್ಲಿ ಕೆಮ್ಮಿತು, ಸೀನಿತು, ನಿಂತಿತು. ಮಿಸ್ತ್ರಿ ಬಿಚ್ಚಿದರೆ ಒಳಗೆ ಬಿಳಿ ಗಸಿ. "ಸಾವ್ಕಾರ್ರೆ, ಪಂಪಿನ ಹಣಿಗೆ ಹಚ್ಚಬೇಕ್ರಿ, ಬಾಯಾಗಲ್ಲ" ಅಂದ.

ಮತ್ತೆ ಅಂಗಡಿ. ಅಂಗಡಿಯವ ಗ್ಯಾರಂಟಿ ಚೀಟಿ ತೋರಿಸಿದ: ಒಳಗೆ ಮಣ್ಣು ಹೋದರೆ ಗ್ಯಾರಂಟಿ ಇಲ್ಲ.

ಸಾಹುಕಾರರ ಮುಖ ಕೆಂಪಾಯಿತು. "ವಿಭೂತಿಗೆ ಮಣ್ಣು ಅಂತೀಯಾ? ಇನ್ನೊಮ್ಮೆ ಅನ್ನು. ಇವರೆಲ್ಲಾರೂ ಕೇಳ್ಲಿ."

ಅಂಗಡಿಯಲ್ಲಿ ಹತ್ತು ಜನ ಇದ್ದರು. ಅಂಗಡಿಯವ ತನ್ನ ಹಣೆಯನ್ನು ಮುಟ್ಟಿಕೊಂಡ. ಅಲ್ಲೂ ಮೂರು ಪಟ್ಟೆ. ಎದ್ದು ಹೋಗಿ ಗೋಣಿಚೀಲದಿಂದ ಇನ್ನೊಂದು ಪಂಪು ತೆಗೆದುಕೊಟ್ಟ.

೩. ನಮಸ್ಕಾರ

ಮೂರನೆಯ ಪಂಪು ಒಂದು ವಾರ ಬಾಳಿತು. ಖಾಲಿ ಲಾರಿಯಲ್ಲಿ ಸಾಹುಕಾರರನ್ನು ಕೂಡಿಸಿಕೊಂಡು ಕಂಪ್ಲಿಗೆ ಹೊರಟಿದ್ದೆ. ಹಂಪಿಯ ತಿರುವು ದಾಟಿದ ಮೇಲೆ ನಿಂತಿತು. ದಾರಿಬದಿಯ ಒಬ್ಬ ಮೆಕ್ಯಾನಿಕ್ ಬಂದು ಪಂಪನ್ನೇ ಬಿಟ್ಟು ಕ್ಯಾಬಿನ್ ಮೇಲೆ ಡೀಸೆಲ್ ಕ್ಯಾನ್ ಇಟ್ಟ, ಪೈಪು ಹಾಕಿ ಸೀದಾ ಇಂಜಿನ್ನಿಗೆ ಇಳಿಸಿದ. ಮೇಲಿನ ಡೀಸೆಲ್ ತಾನೇ ಕೆಳಗೆ ಹರಿಯಬೇಕು. ಇಂಜಿನ್ ಎದ್ದಿತು.

"ಹಗ್ಗ ಹಾಕಿ ಕಟ್ರಿ ಕ್ಯಾನು" ಅಂದೆ.

"ಬ್ಯಾಡ. ಡ್ರೈವರ್ ಮಂದಿಗೆ ಡೀಸೆಲ್ ಕಂಡ್ರ ಕೈ ಸುಮ್ನಿರಂಗಿಲ್ಲ. ನಾನೇ ಹಿಡ್ಕೊಂಡು ಕುಂದರ್ತೀನಿ" ಅಂದರು ಸಾಹುಕಾರರು. ಹೀಗೆ ನನ್ನನ್ನು ಕಳ್ಳ ಮಾಡಿ, ಬಿಳಿ ಧೋತರ ಎತ್ತಿ ಕಟ್ಟಿ, ಕ್ಯಾಬಿನ್ ಮೇಲೆ ಹತ್ತಿ ಕ್ಯಾನನ್ನು ತಬ್ಬಿಕೊಂಡು ಕುಂತರು.

ಕಂಪ್ಲಿಯವರೆಗೆ ಏನೂ ಆಗಲಿಲ್ಲ. ಊರೊಳಗೆ ಬಂದಾಗ ಜನ ತಲೆ ಎತ್ತಿ ನೋಡಿದರು. ಮಿಲ್ಲಿನ ಸಾಹುಕಾರರು ಲಾರಿ ಮೇಲೆ! ಒಬ್ಬ ಕೈಮುಗಿದ. ಹತ್ತು ಜನ ಮುಗಿದರು. ನಮ್ಮ ಸಾಹುಕಾರರು ಏನನ್ನು ಬೇಕಾದರೂ ತಡೆದಾರು, ನಮಸ್ಕಾರಕ್ಕೆ ನಮಸ್ಕಾರ ಮಾಡದೆ ಇರಲಾರರು. ಅದೂ ಎರಡೂ ಕೈಯಿಂದ.

ಕ್ಯಾನು ಅವರ ತೊಡೆಯ ಮೇಲೆ ಮಗುಚಿತು. ಲಾರಿ ಬಜಾರಿನ ನಟ್ಟನಡುವೆ ನಿಂತಿತು. ಧೋತರದಿಂದ ಡೀಸೆಲ್ ಸೋರುತ್ತಿದ್ದರೂ ಮುಗಿದ ಕೈ ಇಳಿಯಲಿಲ್ಲ.

ಒಬ್ಬ ಮುದುಕ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ನನ್ನನ್ನು ಕೇಳಿದ: "ತಮ್ಮಾ, ಯಾವ ಪಾರ್ಟಿಯಿಂದ ನಿಂತಾರ?"

೪. ಅವಶ್ಯಕ ಹಾರ್ನ್

ನಾಲ್ಕನೆಯದು ಕರೆಂಟಿನ ಪಂಪು. ಬ್ಯಾಟರಿಯಿಂದ ಓಡುವಂಥದ್ದು. ಪಕ್ಕದ ಮಿಲ್ಲಿನವರ ಲಾರಿಯಲ್ಲಿದೆ ಅನ್ನುವುದೊಂದೇ ಕಾರಣಕ್ಕೆ ತಂದರು. ಕೂಡಿಸಿದ ಎಲೆಕ್ಟ್ರಿಷಿಯನ್‌ಗೆ ಚಾವಿಯ ತನಕ ವೈರು ಎಳೆಯಲು ಬೇಸರ. ಹತ್ತಿರದಲ್ಲಿ ಹಾರ್ನಿನ ವೈರು ಕಂಡಿತು, ಅದಕ್ಕೇ ಜೋಡಿಸಿದ.

ಅಂದರೆ ಹಾರ್ನ್ ಒತ್ತಿದರೆ ಮಾತ್ರ ಪಂಪು ಓಡುತ್ತದೆ. ಕೈ ತೆಗೆದರೆ ಲಾರಿ ಸ್ವಲ್ಪ ದೂರ ಹೋಗಿ ಉಸಿರು ಬಿಡುತ್ತದೆ.

ಸಾಹುಕಾರರಿಗೆ ತೋರಿಸಿದೆ. ಅವರು ಯೋಚಿಸಿ, "ಹಾರ್ನ್ ಹೊಡಕೊಂತ ಹೋಗು. ಘಾಟಿನ್ಯಾಗ ಹೊಡೀರಿ ಅಂತ ಸರಕಾರದ ಬೋರ್ಡೇ ಐತಲ್ಲ" ಅಂದರು. ಹೋಗದಿದ್ದರೆ ಬೇರೆ ಡ್ರೈವರ್ ಇದ್ದಾನೆ ಅಂತಲೂ ಅಂದರು. ಹೋದೆ. ನನ್ನ ತಪ್ಪೂ ಇದೆ, ಬರೆಯುತ್ತೇನೆ.

ಸಂಡೂರಿನಿಂದ ಲೋಡ್ ಹೊತ್ತು ಏರು ಹಿಡಿದೆ. ಒಂದು ಕೈ ಸ್ಟೇರಿಂಗಿಗೆ, ಒಂದು ಗೇರಿಗೆ, ಹಾರ್ನಿಗೆ ಮೊಣಕೈ. ಮುಂದಿನ ಲಾರಿಯವ ನನಗೆ ಅವಸರ ಇರಬೇಕು ಅಂದುಕೊಂಡು ತನ್ನ ಮುಂದಿನವನಿಗೆ ಹಾರ್ನ್ ಹೊಡೆದ. ಅವನು ಅವನ ಮುಂದಿನವನಿಗೆ. ಗುಡ್ಡಕ್ಕೆ ಗುಡ್ಡವೇ ಒದರತೊಡಗಿತು. ತಿರುವಿನಲ್ಲಿ ಒಬ್ಬ ಪೊಲೀಸ್ ಕೈ ಅಡ್ಡ ಹಿಡಿದ.

"ಹಾರ್ನ್ ನಿಲ್ಸಲೇ!"

"ನಿಲ್ಸಿದ್ರ ಗಾಡಿ ನಿಲ್ತತ್ರಿ ಸರ್!"

"ನನಗೇ ತಿರುಗಿ ಮಾತಾಡ್ತೀಯಾ? ನಿಲ್ಸು!"

ನಿಲ್ಲಿಸಿದೆ. ನಿಂತಿತು. ಬ್ರೇಕ್ ಒತ್ತಿದೆ, ಗಾಳಿ ಕಮ್ಮಿ ಇತ್ತು. ಹತ್ತು ಗಾಲಿಯೂ ಒಂದು ಮೊಳ ಹಿಂದಕ್ಕೆ ಜಾರಿದವು. ಹಿಂದೆ ಮತ್ತೊಂದು ಲಾರಿ, ಪಕ್ಕಕ್ಕೆ ಕಣಿವೆ. ಕಲ್ಲು ತಂದು ಗಾಲಿಗೆ ಒಡ್ಡಿದವನು ಆ ಪೊಲೀಸನೇ.

ರಸ್ತೆ ಕಟ್ಟಿತು. ಆ ಸಾಲಿನಲ್ಲಿ ಅವನ ಸಾಹೇಬರ ಜೀಪೂ ಸಿಕ್ಕಿಬಿತ್ತು. ಪೊಲೀಸ್ ನನ್ನ ಪಕ್ಕಕ್ಕೆ ಹತ್ತಿ ಕುಂತ. "ನೀ ಗೇರ್ ನೋಡ್ಕೊ, ಇದು ನಾ ನೋಡ್ಕೋತೀನಿ" ಅಂತ ಎರಡೂ ಕೈಯಿಂದ ಹಾರ್ನ್ ಒತ್ತಿ ಹಿಡಿದ. ತುದಿ ಮುಟ್ಟುವ ತನಕ ಬಿಡಲಿಲ್ಲ.

ಮೇಲೆ ಬಂದು ಇಳಿದ. ಬೆವರು ಒರೆಸಿಕೊಂಡ. ಆಮೇಲೆ ಕೇಸಿನ ಪುಸ್ತಕ ತೆಗೆದು 'ಅನವಶ್ಯಕ ಹಾರ್ನ್' ಅಂತ ಬರೆದ.

"ಸರ್, ಅನವಶ್ಯಕ ಅಂತೀರೇನ್ರಿ?" ಅಂದೆ.

ಅವನು ನನ್ನನ್ನು ನೋಡಿದ, ಲಾರಿಯನ್ನು ನೋಡಿದ, ತನ್ನ ಕೆಂಪಾದ ಅಂಗೈಗಳನ್ನು ನೋಡಿಕೊಂಡ. ನಂತರ ಅದನ್ನು ಹೊಡೆದುಹಾಕಿ, ದುಂಡಗೆ 'ಅವಶ್ಯಕ ಹಾರ್ನ್' ಅಂತ ತಿದ್ದಿ ಸಹಿ ಮಾಡಿದ.

ನಕ್ಕಿರಲ್ಲ? ನಾನೂ ನಕ್ಕೆ. ಆದರೆ ಇನ್ನೊಂದು ಮೊಳ ಜಾರಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ. ಅವತ್ತೇ ಚಾವಿಯನ್ನು ಸಾಹುಕಾರರ ಕೈಗಿಟ್ಟೆ. ಬೇರೆ ಡ್ರೈವರನ್ನು ಕರೆದರು, ನಡೆದದ್ದು ಕೇಳಿ ಅವನೂ ಹತ್ತಲಿಲ್ಲ. ಇನ್ನೊಬ್ಬನೂ ಹತ್ತಲಿಲ್ಲ. ಮೂರನೇ ದಿನ ಕಂಪನಿಯ ಪಂಪು ಬಂತು.

ಅದಕ್ಕೆ ಲಾರಿ ಓಡಿಸುವ ಅಣ್ಣತಮ್ಮಂದಿರೇ, ನಿಮ್ಮ ಲಾರಿಯ ಪಂಪನ್ನು ನೀವಿಲ್ಲದೆ ಕೊಳ್ಳಲು ಬಿಡಬೇಡಿ. ಅಂಗಡಿಗೆ ನೀವೂ ಹೋಗಿ. ನಿಮ್ಮ ಇಂಜಿನ್ನಿಗೆ ಹೇಳಿದ ಪಂಪೇ ಹೌದೋ ಅಲ್ಲವೋ ಕೇಳಿ. ಬಿಲ್ ಮೇಲೆ ಬರೆಸಿಕೊಳ್ಳಿ. ಸಾಹುಕಾರರು ಅದನ್ನು ಕೊಡಿಸುವುದಿಲ್ಲ ಅಂದರೆ ಲಾರಿಯಿಂದ ಇಳಿಯಿರಿ. ನಿಮ್ಮ ಪಕ್ಕದವನು ಇಳಿದಿದ್ದರೆ ಅವನ ಸೀಟಿಗೆ ನೀವು ಹತ್ತಬೇಡಿ.