ಉತ್ತರವನ್ನು ಎತ್ತರಿಸಿದ್ದು

ನಿಘಂಟಿನಲ್ಲಿ ಬರೆದ ಅರ್ಥಕ್ಕೆ ತಕ್ಕಂತೆ ಊರು ಇರತಕ್ಕದ್ದು. ಇಲ್ಲದಿದ್ದಲ್ಲಿ ಊರನ್ನು ತಿದ್ದತಕ್ಕದ್ದು. ಇದು ಪದಶುದ್ಧಿ ಇಲಾಖೆಯ ಮೊದಲ ನಿಯಮ.

ಆ ಇಲಾಖೆಯಲ್ಲಿ ಅರ್ಥ ಬರೆಯುವ ಗುಮಾಸ್ತರು ಒಂದು ದಿನ ‘ಉತ್ತರ’ಕ್ಕೆ ಬಂದರು. ‘ಉತ್’ ಎಂದರೆ ಮೇಲೆ, ‘ತರ’ ಎಂದರೆ ಇನ್ನಷ್ಟು. ಆದ್ದರಿಂದ ಉತ್ತರವೆಂದರೆ ಇನ್ನೂ ಮೇಲಿನ ದಿಕ್ಕು ಎಂದು ಬರೆದು, ತಮ್ಮ ಬೆನ್ನು ತಾವೇ ತಟ್ಟಿಕೊಂಡು ಮನೆಗೆ ಹೋದರು. ಮನೆ ಇದ್ದದ್ದು ಊರಿನ ಉತ್ತರದ ತಗ್ಗಿನಲ್ಲಿ.

ಮರುದಿನ ನಿರ್ದೇಶಕರು ಅದನ್ನು ಓದಿ ಕಿಟಕಿಯಾಚೆ ನೋಡಿದರು. ಊರಿನ ಕೊಳಚೆಯೆಲ್ಲ ಉತ್ತರಕ್ಕೇ ಇಳಿದು ಹೋಗುತ್ತಿತ್ತು. ನಿಘಂಟಿಗೆ ಹಾಡಹಗಲೇ ಇಂಥ ಅವಮಾನವೇ ಎಂದು ಸಭೆ ಕರೆದರು. ಉತ್ತರದ ಬೀದಿಗಳಿಗೆ ಮಣ್ಣು ತುಂಬಿ ಎತ್ತರಿಸಬೇಕೆಂದು ಠರಾವಾಯಿತು. ಗುತ್ತಿಗೆ ನಿರ್ದೇಶಕರ ಭಾವಮೈದುನನಿಗೆ ಸಿಕ್ಕಿತು. ಅವನ ಲಾರಿಗಳು ಸಭೆಗೆ ಮುಂಚೆಯೇ ಮಣ್ಣು ತುಂಬಿಕೊಂಡು ಗೇಟಿನ ಹೊರಗೆ ನಿಂತಿದ್ದವು. ನಾಚಿಕೆ ಎಂಬ ಪದಕ್ಕೆ ಇಲಾಖೆ ಇನ್ನೂ ಬಂದಿರಲಿಲ್ಲ.

ಗುಮಾಸ್ತರು ನಿರ್ದೇಶಕರ ಕೋಣೆಗೆ ಓಡಿದರು.

“ಸಾರ್, ಉತ್ತರಕ್ಕೆ ಬಡಗು ಅಂತ ಹಳೇ ಮಾತಿದೆ. ಅದನ್ನೇ ಹಾಕೋಣ. ಅದು ಎತ್ತರ ಇರಬೇಕು ಅಂತ ಯಾರೂ ಹೇಳಿಲ್ಲ.”

“ತುಂಬಿಸಿದ ಲಾರಿಗಳಿಗೆ ಆಮೇಲೆ ಏನು ಅರ್ಥ ಇರುತ್ತೆ?” ಎಂದರು ನಿರ್ದೇಶಕರು.

“ನಮ್ಮ ಮನೆ ಅಲ್ಲೇ ಇದೆ ಸಾರ್. ಅಮ್ಮನಿಗೆ ಮಂಡಿನೋವು. ಹೊಸಿಲು ದಾಟೋದೇ ಕಷ್ಟ.”

“ಇನ್ನು ಹೊಸಿಲೇ ಇರಲ್ಲ ಬಿಡಿ.”

ಹಾಗೇ ಆಯಿತು. ಮೊದಲು ಹೊಸಿಲು ಮುಚ್ಚಿತು, ಆಮೇಲೆ ಕಿಟಕಿ, ಕೊನೆಗೆ ಬಾಗಿಲು. ಪ್ರಕಟಣೆ ಹೊರಟಿತು: ‘ಉತ್ತರದ ನಿವಾಸಿಗಳು ಇನ್ನು ಮುಂದೆ ತಾರಸಿಯ ಮೂಲಕವೇ ಮನೆ ಪ್ರವೇಶಿಸತಕ್ಕದ್ದು. ಎಲ್ಲರಿಗೂ ನೆಲಮಾಳಿಗೆ ದೊರೆತಿರುವುದರಿಂದ ನೆಲಮಾಳಿಗೆ ತೆರಿಗೆ ಕಟ್ಟತಕ್ಕದ್ದು.’ ಬೀದಿಯವರು ಎರಡು ದಿನ ಗೊಣಗಿದರು. ಮೂರನೆಯ ದಿನ ಯಾರ ಏಣಿ ಗಟ್ಟಿ ಎಂದು ಚರ್ಚಿಸತೊಡಗಿದರು. ಕೊಳಚೆ ಈಗ ದಕ್ಷಿಣಕ್ಕೆ ತಿರುಗಿತ್ತು. ದಕ್ಷಿಣದ ಅರ್ಥ ಇನ್ನೂ ಬರೆದಿಲ್ಲವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಏಣಿ ಹತ್ತಲಾರದ ಅಮ್ಮ ಒಳಗೇ ಉಳಿದರು.

ಕೆಲವು ತಿಂಗಳ ಮೇಲೆ ವಿದ್ವಾಂಸರ ತಂಡವೊಂದು ನಿಘಂಟನ್ನು ಪರಿಶೀಲಿಸಲು ಬಂತು. ಉತ್ತರ ಮೇಲಿನ ದಿಕ್ಕು ಎನ್ನಲು ಆಧಾರವೇನೆಂದು ಕೇಳಿತು. ಗುಮಾಸ್ತರು ಅವರನ್ನು ತಮ್ಮ ತಾರಸಿಗೆ ಕರೆತಂದು, ಕೆಳಗಿದ್ದ ಊರನ್ನು ತೋರಿಸಿದರು. ಇದಕ್ಕಿಂತ ಹೆಚ್ಚಿನ ಆಧಾರ ಬೇಕೇ ಎಂದು ವಿದ್ವಾಂಸರು ತಲೆದೂಗಿ, ಗುಮಾಸ್ತರಿಗೆ ಶಾಲು ಹೊದಿಸಿದರು.

“ಯಾರಪ್ಪಾ ಬಂದಿರೋದು?” ಕಾಲ ಕೆಳಗಿನಿಂದ ಅಮ್ಮನ ದನಿ ಬಂತು.

“ದೊಡ್ಡವರು, ಅಮ್ಮ. ನಾನು ಬರೆದಿದ್ದು ಸರಿಯಂತೆ.”

“ಸದ್ಯ,” ಎಂದರು ಅಮ್ಮ. ಮಧ್ಯಾಹ್ನವಾಗಿತ್ತು; ಅವರು ದೀಪ ಹಚ್ಚಿಕೊಂಡು ಊಟಕ್ಕೆ ಕೂತರು.